ಮರುಭೂಮಿಯ ನದಿ, ಕಣಿವೆ, ಹೋಪಿ ಹಳ್ಳಿಯಲ್ಲಿ ಸೇವೆ: ಮಕ್ಕಳನ್ನು ಕಳಿಸುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲ್ ವಯಸ್ಸಿನ ಮಕ್ಕಳಿಗಾಗಿ ಅಮೆರಿಕದ ನೈಋತ್ಯ ಮೂಲೆಯಲ್ಲಿ ಬೇಸಿಗೆ ಯಾತ್ರೆಗಳು ನಡೆಯುತ್ತವೆ. ಅದರಲ್ಲಿ ಒಂದು ಬಗೆ ಹೀಗಿದೆ. ಮೊದಲು ಕೆಲವು ದಿನ ಯೂಟಾದ ಸ್ಯಾನ್ ಹ್ವಾನ್ ನದಿಯಲ್ಲಿ ರಾಫ್ಟ್ ಮೇಲೆ. ಜೊತೆಗೆ ಪಕ್ಕದ ಕಣಿವೆಗಳಲ್ಲಿ ನಡಿಗೆ. ಕೊನೆಗೆ ಅರಿಜೋನಾದಲ್ಲಿರುವ ಹೋಪಿ ಎಂಬ ಮೂಲನಿವಾಸಿ ಜನರ ಹಳ್ಳಿಗಳಲ್ಲಿ ಸೇವೆ: ಹೊಲದ ಕೆಲಸ, ಒರತೆಯ ಹೂಳು ತೆಗೆಯೋದು, ವಯಸ್ಸಾದವರ ಮನೆಗೆ ಸೌದೆ ಒಡೆದುಕೊಡೋದು. ಅಮೆರಿಕದಲ್ಲಿರುವ ಕನ್ನಡದ ಮನೆಗಳಿಂದಲೂ ಮಕ್ಕಳು ಇದಕ್ಕೆ ಹೆಸರು ಕೊಡುವುದುಂಟು. ಅಪ್ಪ ಅಮ್ಮ, ಊರಿನಿಂದ ಫೋನ್ ಮಾಡುವ ಅಜ್ಜಿ, ಹೊರಡುವ ಮಕ್ಕಳು, ಎಲ್ಲರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ನಡೆಸುವ ಸಂಸ್ಥೆ ಯಾವುದೇ ಇರಲಿ, ನದಿ ಅದೇ, ಹಳ್ಳಿ ಅದೇ, ಪಾಲಿಸಬೇಕಾದದ್ದೂ ಹೆಚ್ಚುಕಮ್ಮಿ ಅದೇ.

ನದಿಯಲ್ಲಿ ರಾಫ್ಟಿಂಗ್ ಒಂದು ಕಡೆ, ಹೋಪಿ ಹಳ್ಳಿ ಇನ್ನೊಂದು ಕಡೆ. ಎರಡು ಬೇರೆ ಟ್ರಿಪ್ ಸೇರಿಸಿ ಹೊಲಿದ ಹಾಗಿದೆಯಲ್ಲ?

ಮೊದಲು ಹಾಗೇ ಅನ್ನಿಸುತ್ತದೆ. ನದಿ ಬಿಟ್ಟು ಹೋಪಿಗಳ ಮೇಸಾಗಳಿಗೆ, ಅಂದರೆ ಚಪ್ಪಟೆ ಗುಡ್ಡಗಳಿಗೆ, ಬರೋದಕ್ಕೆ ವ್ಯಾನಿನಲ್ಲಿ ಮೂರು-ನಾಲ್ಕು ತಾಸು ಬೇಕು. ಆದರೆ ಹೋಪಿಗಳ ಪಾಲಿಗೆ ಇದೆಲ್ಲ ಒಂದೇ ನೆಲ.

ಸ್ಯಾನ್ ಹ್ವಾನ್ ದಂಡೆಯಲ್ಲಿ ಬಂಡೆಗಳ ಅಡಿ ಕಲ್ಲು-ಮಣ್ಣಿನ ಮನೆಗಳಿವೆ. ಬ್ಲಫ್ ಊರಿನ ಹತ್ತಿರ ಸ್ಯಾಂಡ್ ಐಲೆಂಡ್‌ನಲ್ಲಿ ರಾಫ್ಟ್ ಇಳಿಸುವ ಜಾಗದ ಪಕ್ಕದಲ್ಲೇ ಬಂಡೆಯ ಉದ್ದಕ್ಕೂ ಕೆತ್ತನೆಗಳಿವೆ. ಅದರಲ್ಲಿ ಕೊಳಲು ಊದುವ ಆಕೃತಿಯೂ ಇದೆ. ಹೋಪಿಗಳಲ್ಲಿ ಇವತ್ತಿಗೂ ಕೊಳಲಿನ ಕುಲ ಇದೆ. 1276ರಿಂದ 1299ರವರೆಗೆ ಈ ಸೀಮೆಯಲ್ಲಿ ಭಾರಿ ಬರ ಬಿತ್ತು. 13ನೇ ಶತಮಾನ ಮುಗಿಯುವ ಹೊತ್ತಿಗೆ ಈ ಕಣಿವೆಗಳ ಮನೆಗಳು ಖಾಲಿಯಾದವು. ಹಳೆಯ ಪ್ರವಾಸಿ ಬರಹಗಳಲ್ಲಿ ಅವರು ‘ಮಾಯವಾದ ಜನ’. ಮಾಯವಾಗಿದ್ದರೆ ಹೋಪಿ ಹಳ್ಳಿಗಳು ಎಲ್ಲಿಂದ ಬಂದವು? ಜನ ದಕ್ಷಿಣಕ್ಕೂ ಪೂರ್ವಕ್ಕೂ ನಡೆದು ಹೋದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳೇ ಇವತ್ತಿನ ಹೋಪಿಗಳು, ಜೂನಿಗಳು, ರಿಯೊ ಗ್ರಾಂಡೆ ನದಿಯ ಕಡೆಯ ಪ್ಯೂಬ್ಲೊ ಜನ. ಹೋಪಿಗಳು ಆ ಪೂರ್ವಿಕರನ್ನು ಹಿಸತ್ಸಿನೋಮ್ ಅನ್ನುತ್ತಾರೆ. ನಮ್ಮವರು ಕುಲ ಕುಲವಾಗಿ ನಡೆದು ಬಂದರು, ದಾರಿಯಲ್ಲಿ ಹೆಜ್ಜೆಗುರುತು ಬಿಟ್ಟು ಬಂದರು ಅನ್ನೋದು ಅವರ ಮಾತು. ಮನೆ, ಮಡಕೆ, ಬಂಡೆಯ ಮೇಲಿನ ಕುಲದ ಗುರುತು, ಸಮಾಧಿ, ಇವೇ ಆ ಹೆಜ್ಜೆಗಳು.

ಇಂಥ ಒಂದು ಮನೆಯ ಗೋಡೆಯನ್ನು ಹತ್ತಿರದಿಂದ ನೋಡಿದರೆ ಕಲ್ಲಿನ ಸಂದಿಗೆ ಮೆತ್ತಿದ ಮಣ್ಣಿನಲ್ಲಿ ಬೆರಳಿನ ಗುರುತು ಹಾಗೇ ಒಣಗಿರುತ್ತದೆ. ಕೆಲವು ಕಡೆ ಕಿರುಬೆರಳುದ್ದದ ಮೆಕ್ಕೆಜೋಳದ ದಿಂಡು ಬಿದ್ದಿರುತ್ತದೆ. ಅದೇ ವಾರ ಮಕ್ಕಳು ಹೋಪಿ ಹೊಲದಲ್ಲಿ ಮೆಕ್ಕೆಜೋಳದ ಕೆಲಸಕ್ಕೆ ಬಗ್ಗುತ್ತಾರೆ. ಆಗ ಯಾರೂ ಸಂಬಂಧ ಬಿಡಿಸಿ ಹೇಳಬೇಕಾಗಿಲ್ಲ.

ಯಾವ ವಯಸ್ಸಿನವರಿಗೆ?

ಸಾಮಾನ್ಯವಾಗಿ 14ರಿಂದ 18. ಮೈಗಿಂತ ಮನಸ್ಸು ತಯಾರಾಗಿರಬೇಕು. ಎರಡು ವಾರ ಹೆಚ್ಚುಕಮ್ಮಿ ಫೋನಿಲ್ಲದೆ, ಗುಂಪಿನ ಜೊತೆ, ಮರಳಿನ ಮೇಲೆ ಮಲಗಬೇಕು. ಮಗು ತಾನೇ ಆಸೆಪಟ್ಟು ಹೊರಟಿದೆಯೋ, ನೀವು ನೂಕುತ್ತಿದ್ದೀರೋ, ಅದನ್ನು ಒಮ್ಮೆ ಯೋಚನೆ ಮಾಡಿ.

ನಮ್ಮ ಮಗಳಿಗೆ ಅಷ್ಟು ಚೆನ್ನಾಗಿ ಈಜು ಬರಲ್ಲ. ಕಳಿಸಬಹುದಾ?

ಬಹುತೇಕ ಕಡೆ ಕಳಿಸಬಹುದು. ನೀರಿನ ಮೇಲಿರುವಷ್ಟು ಹೊತ್ತೂ ಲೈಫ್ ಜಾಕೆಟ್ ಮೈಮೇಲೆ ಇರಲೇಬೇಕು. ಅದು ಸರಿಯಾಗಿ ಕೂತಿದೆಯಾ ಅಂತ ನೋಡುವ ರೀತಿ ಸುಲಭ. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಇನ್ನೊಬ್ಬರು ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಬೇಕು. ಜಾಕೆಟ್ ಕಿವಿಯ ತನಕ ಎದ್ದು ಬಂದರೆ ಸಡಿಲ ಇದೆ ಅಂತ ಅರ್ಥ. ಇದನ್ನು ದಿನಾ ಬೆಳಗ್ಗೆ ಮಾಡಬೇಕು.

ಬೋಟಿನಿಂದ ಬಿದ್ದರೆ ಏನು ಮಾಡಬೇಕು ಅನ್ನೋದನ್ನು ಮೊದಲ ದಿನವೇ ದಂಡೆಯಲ್ಲಿ ಕಲಿಸುತ್ತಾರೆ. ಅಂಗಾತ ತೇಲಬೇಕು. ಕಾಲು ನೀರು ಹರಿಯುವ ಕಡೆಗೆ, ಕಾಲ್ಬೆರಳು ಮೇಲಕ್ಕೆ. ಹರಿಯುವ ನೀರಿನಲ್ಲಿ ಎದ್ದು ನಿಲ್ಲೋದಕ್ಕೆ ಮಾತ್ರ ಹೋಗಬಾರದು. ಕಾಲು ಬಂಡೆಯ ಸಂದಿಗೆ ಸಿಕ್ಕಿಕೊಂಡರೆ ನೀರು ಮುಂದಕ್ಕೆ ಬಗ್ಗಿಸಿಬಿಡುತ್ತದೆ. ಮೊಣಕಾಲುದ್ದದ ನೀರಿನಲ್ಲೂ ಇದು ಆಗಬಹುದು. ಈಜು ಬರುವ ಮಕ್ಕಳೇ ಇದನ್ನು ಮರೆಯೋದು ಜಾಸ್ತಿ. ನೀರಿನ ಹೆದರಿಕೆ ತುಂಬಾ ಇದ್ದರೆ ಹೊರಡುವ ಮುಂಚೆ ಎರಡು ತಿಂಗಳು ಈಜುಕೊಳಕ್ಕೆ ಸೇರಿಸಿ.

ನದಿ ಎಷ್ಟು ರಭಸ?

ಸ್ಯಾನ್ ಹ್ವಾನ್ ಹುಟ್ಟುವುದು ಕೊಲೊರಾಡೊ ರಾಜ್ಯದ ಹಿಮದ ಬೆಟ್ಟಗಳಲ್ಲಿ. ನ್ಯೂ ಮೆಕ್ಸಿಕೊ ದಾಟಿ, ಯೂಟಾಕ್ಕೆ ಬಂದು, ಕೊನೆಗೆ ಪೊವೆಲ್ ಸರೋವರ ಸೇರುತ್ತದೆ. 1962ರಲ್ಲಿ ನವಾಹೋ ಅಣೆಕಟ್ಟು ಕಟ್ಟಿದ ಮೇಲೆ ಮೊದಲಿನ ಪ್ರವಾಹದ ಅಬ್ಬರ ತಗ್ಗಿತು. ನೀರು ಬಂಡೆಗಳ ಮಧ್ಯೆ ರಭಸವಾಗಿ ಇಳಿಯುವ ಜಾಗಗಳನ್ನು (ರ‍್ಯಾಪಿಡ್) ಒಂದರಿಂದ ಆರರ ತನಕ ದರ್ಜೆ ಮಾಡುತ್ತಾರೆ; ಈಗ ಇಲ್ಲಿನವು ಎರಡು-ಮೂರನೇ ದರ್ಜೆಯವು. ಗೈಡ್ ಇದ್ದರೆ ಹೊಸಬರೂ ದಾಟಬಹುದು.

ಬ್ಲಫ್‌ನಿಂದ ಮೆಕ್ಸಿಕನ್ ಹ್ಯಾಟ್ ಊರಿಗೆ ಸುಮಾರು 43 ಕಿ.ಮೀ. ಅಲ್ಲಿಂದ ಮುಂದೆ ಕ್ಲೇ ಹಿಲ್ಸ್ ತನಕ ಹೋದರೆ ಒಟ್ಟು 135 ಕಿ.ಮೀ. ಆಸುಪಾಸು. ಉದ್ದದ ಯಾತ್ರೆ ಆರಿಸಿಕೊಂಡರೆ ಗೂಸ್‌ನೆಕ್ಸ್ ಸಿಗುತ್ತದೆ. ಅಲ್ಲಿ ನದಿ 300 ಮೀಟರ್ ಆಳದ ಕಮರಿಯಲ್ಲಿ ಸುತ್ತಿ ಸುತ್ತಿ ಹರಿಯುತ್ತದೆ. ಎರಡೂವರೆ ಕಿ.ಮೀ. ಮುಂದೆ ಹೋಗೋದಕ್ಕೆ ಹತ್ತು ಕಿ.ಮೀ. ತಿರುಗುತ್ತದೆ. ಬೆಳಗ್ಗೆ ಎಡಗಡೆ ನೋಡಿದ ಗುಡ್ಡವೇ ಮಧ್ಯಾಹ್ನ ಬಲಗಡೆ ಬರುತ್ತದೆ.

ಈ ನದಿಯಲ್ಲಿ ಇನ್ನೊಂದು ವಿಶೇಷ ಮರಳಲೆ. ನೀರಿನಲ್ಲಿ ಹೂಳು ಎಷ್ಟಿದೆ ಅಂದರೆ ತಳದ ಮರಳೇ ದಿಬ್ಬ ದಿಬ್ಬವಾಗಿ ಸರಿಯುತ್ತದೆ. ಸಮವಾಗಿ ಹರಿಯುತ್ತಿದ್ದ ಜಾಗದಲ್ಲಿ ಸಾಲಾಗಿ ಅಲೆಗಳು ಏಳುತ್ತವೆ, ಸ್ವಲ್ಪ ಹೊತ್ತಿಗೆ ಹಾಗೇ ಅಡಗಿಬಿಡುತ್ತವೆ. ಮಕ್ಕಳಿಗೆ ಇದು ಬಹಳ ಖುಷಿ. ಮಧ್ಯಾಹ್ನದ ಮೇಲೆ ಎದುರುಗಾಳಿ ಬೀಸಿದಾಗ ಮಾತ್ರ ಅದೇ ಮಕ್ಕಳು ಹುಟ್ಟು ಹಾಕಿ ಹಾಕಿ ಸುಸ್ತಾಗುತ್ತಾರೆ.

ಹಾಗಾದರೆ ನಿಜವಾದ ಅಪಾಯ ಯಾವುದು?

ಬಿಸಿಲು. ಜೂನ್‌ನಲ್ಲಿ 35 ಡಿಗ್ರಿ ಸಾಮಾನ್ಯ, 40 ಮುಟ್ಟುವುದೂ ಉಂಟು. ಗಾಳಿ ಒಣ, ಹಾಗಾಗಿ ಬೆವರು ಬಂದದ್ದೇ ಗೊತ್ತಾಗಲ್ಲ. ಬರೀ ನೀರು ಕುಡಿದರೆ ಸಾಲದು. ಉಪ್ಪಿನಂಶ ಇಲ್ಲದೆ ಲೀಟರ್‌ಗಟ್ಟಲೆ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಓಆರ್‌ಎಸ್ ಪೊಟ್ಟಣ, ಉಪ್ಪು ಹಚ್ಚಿದ ಕಡಲೆಕಾಯಿ ಜೊತೆಯಲ್ಲಿ ಇರಲಿ. ತೆಳುವಾದ ಪೂರ್ತಿ ತೋಳಿನ ಅಂಗಿ, ಅಗಲ ಅಂಚಿನ ಟೋಪಿ ಬೇಕೇ ಬೇಕು. ನಮ್ಮ ಮೈಬಣ್ಣಕ್ಕೆ ಸನ್‌ಸ್ಕ್ರೀನ್ ಬೇಡ ಅನ್ನುವ ಮಾತನ್ನು ದಯವಿಟ್ಟು ಬಿಡಿ. ನೀರಿನಿಂದ ಎರಚುವ ಬಿಸಿಲು ಗದ್ದದ ಅಡಿಯನ್ನೂ ಸುಡುತ್ತದೆ.

ಎರಡನೆಯದು ಕಣಿವೆಯ ದಿಢೀರ್ ಪ್ರವಾಹ. ಜುಲೈನಿಂದ ಸೆಪ್ಟೆಂಬರ್ ತನಕ ಇಲ್ಲೂ ಮುಂಗಾರು ಮಳೆ ಬರುತ್ತದೆ. ತಲೆಯ ಮೇಲೆ ನೀಲಿ ಆಕಾಶ ಇರುವಾಗಲೇ, ಎಲ್ಲೋ ಮೈಲುಗಟ್ಟಲೆ ಆಚೆ ಬಿದ್ದ ಮಳೆ ಕಿರುಕಣಿವೆಗೆ ನುಗ್ಗುತ್ತದೆ. 1997ರ ಆಗಸ್ಟ್‌ನಲ್ಲಿ ಅರಿಜೋನಾದ ಆಂಟಿಲೋಪ್ ಕಣಿವೆಯಲ್ಲಿ 11 ಜನ ಸತ್ತದ್ದು ಹೀಗೇ. ಆದ್ದರಿಂದ ಗೈಡ್ ‘ಇವತ್ತು ಕಣಿವೆಗೆ ಇಳಿಯೋದು ಬೇಡ’ ಅಂದರೆ ಅಲ್ಲಿಗೆ ಮುಗಿಯಿತು. ಬೇಡ ಅಂದ ಗೈಡನ್ನು ಮೆಚ್ಚಿಕೊಳ್ಳಿ.

ಹಾವು, ಚೇಳು?

ಇವೆ. ಬುಡುಬುಡಿಕೆ ಹಾವು ಅದರ ಪಾಡಿಗೆ ಅದು ಇರುತ್ತದೆ. ಕೈ ಹಾಕುವ ಮುಂಚೆ ಬಂಡೆಯ ಹಿಂದೆ ನೋಡಬೇಕು, ಬೂಟು ಹಾಕುವ ಮುಂಚೆ ಕೊಡವಬೇಕು, ರಾತ್ರಿ ಹೆಡ್‌ಲ್ಯಾಂಪ್ ಇಲ್ಲದೆ ಬರಿಗಾಲಲ್ಲಿ ಓಡಾಡಬಾರದು. ಜಾಸ್ತಿ ಕಾಡೋದು ಕೆಂಪಿರುವೆ.

ನದಿಯ ನೀರನ್ನೇ ಕುಡಿಯುತ್ತಾರಾ?

ಇಲ್ಲ. ಹೂಳು ಜಾಸ್ತಿ, ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ತಲೆಗೆ ದಿನಕ್ಕೆ ನಾಲ್ಕು ಲೀಟರ್‌ನಂತೆ ದೊಡ್ಡ ಕ್ಯಾನುಗಳಲ್ಲಿ ಊರಿನಿಂದಲೇ ಹೇರಿಕೊಂಡು ಹೋಗುತ್ತಾರೆ.

ಕೇಳೋಕೆ ಸಂಕೋಚ. ಶೌಚಕ್ಕೆ ಏನು ವ್ಯವಸ್ಥೆ?

ಸಂಕೋಚ ಬೇಡ, ಎಲ್ಲರೂ ಕೇಳುತ್ತಾರೆ. ಇಲ್ಲಿ ಮಲವನ್ನು ಹೂಳುವ ಹಾಗಿಲ್ಲ. ಪೂರ್ತಿ ಹೊತ್ತು ವಾಪಸ್ ತರಬೇಕು, ಇದು ಪರ್ಮಿಟ್‌ನ ಷರತ್ತು. ಗಟ್ಟಿ ಮುಚ್ಚಳದ ಡಬ್ಬಿಯ ಮೇಲೆ ಸೀಟು ಇಟ್ಟಿರುತ್ತಾರೆ. ಅದಕ್ಕೆ ಗ್ರೂವರ್ ಅಂತ ಹೆಸರು. ಕ್ಯಾಂಪಿನಿಂದ ಸ್ವಲ್ಪ ದೂರ, ಪೊದೆಯ ಮರೆಯಲ್ಲಿ ಇಡುತ್ತಾರೆ. ಒಳಗೆ ಯಾರಾದರೂ ಇದ್ದಾರೆ ಅನ್ನೋದಕ್ಕೆ ದಾರಿಯಲ್ಲಿ ಒಂದು ಗುರುತು ಇಡುವ ಪದ್ಧತಿ ಇದೆ. ಮೂತ್ರ ಮಾತ್ರ ನದಿಗೆ ಅಥವಾ ಅಂಚಿನ ಒದ್ದೆ ಮರಳಿಗೆ. ಒಣ ಮರಳಿನಲ್ಲಿ ಮಾಡಿದರೆ ಮಳೆಯಿಲ್ಲದ ಸೀಮೆಯಲ್ಲಿ ನಾತ ಉಳಿದುಬಿಡುತ್ತದೆ. ಅಡುಗೆ ಬೆಂಕಿಯೂ ಕಬ್ಬಿಣದ ತಟ್ಟೆಯಲ್ಲೇ, ಬೂದಿಯೂ ವಾಪಸ್.

ಮುಟ್ಟಿನ ದಿನಗಳಿಗೂ ಇದೇ ನಿಯಮ. ಬಳಸಿದ ಪ್ಯಾಡನ್ನು ಹೊರಗೆ ಕಾಣದ ಜಿಪ್ ಚೀಲದಲ್ಲಿ ಕಟ್ಟಿ ಕಸದ ಜೊತೆ ತರಬೇಕು. ಹೊಸ ಜಾಗ, ಬಿಸಿಲು, ಓಡಾಟದಲ್ಲಿ ದಿನ ಹಿಂದೆ ಮುಂದೆ ಆಗಬಹುದು. ಆದ್ದರಿಂದ ದಿನ ಅಲ್ಲ ಅನ್ನಿಸಿದರೂ ಸಾಮಾನು ಕಳಿಸಿ. ಹೆಣ್ಣುಮಕ್ಕಳಿರುವ ಗುಂಪಿನಲ್ಲಿ ಮಹಿಳಾ ಲೀಡರ್ ಇದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ. ಇಲ್ಲ ಅಂದರೆ ನಾನಾದರೆ ಕಳಿಸುವುದಿಲ್ಲ.

ನಮ್ಮದು ಶುದ್ಧ ಸಸ್ಯಾಹಾರ. ಊಟ ಹೇಗೆ?

ನದಿಯಲ್ಲಿ ಕಷ್ಟವಿಲ್ಲ. ಅರ್ಜಿಯಲ್ಲಿ ಬರೆದರೆ ಸಾಕು. ಬೀನ್ಸ್, ಟೋರ್ಟಿಯಾ, ಪಾಸ್ತಾ, ಓಟ್ಸ್, ಹಣ್ಣು ಇರುತ್ತದೆ. ಮೊಟ್ಟೆ ತಿನ್ನಲ್ಲ, ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ ಅನ್ನೋದನ್ನು ಬಿಡಿಸಿ ಬರೆಯಿರಿ. ‘ವೆಜಿಟೇರಿಯನ್’ ಅನ್ನುವ ಒಂದು ಪದದಿಂದ ಅದೆಲ್ಲ ಅವರಿಗೆ ತಿಳಿಯುವುದಿಲ್ಲ. ಒಂದು ಬಾಟಲಿ ಉಪ್ಪಿನಕಾಯಿ, ಸ್ವಲ್ಪ ಚಟ್ನಿಪುಡಿ ಕಳಿಸಿ. ಗುಂಪೆಲ್ಲ ಖಾಲಿ ಮಾಡುತ್ತದೆ.

ಹೋಪಿ ಮನೆಯಲ್ಲಿ ಸ್ವಲ್ಪ ಗಮನ ಬೇಕು. ಅವರ ವಿಶೇಷದ ಅಡುಗೆ ನೊಕ್‌ಕ್ವಿವಿ, ಮೆಕ್ಕೆಜೋಳದ ಕಾಳಿನ ಜೊತೆ ಕುರಿಮಾಂಸ ಬೇಯಿಸಿದ್ದು. ಕರಿದ ರೊಟ್ಟಿಯಲ್ಲಿ ಪ್ರಾಣಿಯ ಕೊಬ್ಬು ಇರಬಹುದು. ಆದರೆ ಪೀಕಿ ಖಂಡಿತ ತಿನ್ನಲಿ ಅನ್ನುವ ಆಸೆ ನಮಗೆ. ನೀಲಿ ಮೆಕ್ಕೆಜೋಳದ ಹಿಟ್ಟಿಗೆ ಬೂದಿ ನೀರು ಬೆರೆಸಿ ತೆಳ್ಳಗೆ ಕಲಸುತ್ತಾರೆ. ಕಾದ ಕಲ್ಲಿನ ಮೇಲೆ ಬರಿಗೈಯಿಂದ ಒಂದೇ ಬೀಸಿಗೆ ಸವರುತ್ತಾರೆ. ಕಾಗದದಷ್ಟು ತೆಳುವಾದ ಹಾಳೆ ಏಳುತ್ತದೆ, ಬಿಸಿ ಇರುವಾಗಲೇ ಸುರುಳಿ ಸುತ್ತುತ್ತಾರೆ. ಕಲ್ಲಿಗೆ ಸವರೋದು ಪ್ರಾಣಿಯ ಕೊಬ್ಬೋ, ಬೀಜದ ಎಣ್ಣೆಯೋ ಅಂತ ತೀರಾ ಕಟ್ಟುನಿಟ್ಟಿನವರು ಮೊದಲೇ ಲೀಡರ್ ಮೂಲಕ ಕೇಳಿಸಿಕೊಳ್ಳಲಿ. ತಟ್ಟೆಯ ಮುಂದೆ ಕೂತ ಮೇಲೆ ಮುಖ ಕಿವುಚೋದು ಚೆನ್ನಾಗಿರಲ್ಲ, ಅಲ್ವಾ?

ಫೋನ್ ಇರುತ್ತಾ? ತುರ್ತಾದರೆ?

ಕಣಿವೆಯಲ್ಲಿ ಸಿಗ್ನಲ್ ಇಲ್ಲ. ಲೀಡರ್ ಹತ್ತಿರ ಉಪಗ್ರಹ ಫೋನೋ ಸಂದೇಶ ಕಳಿಸುವ ಸಾಧನವೋ ಇರುತ್ತದೆ. ಹತ್ತಿರದ ಆಸ್ಪತ್ರೆ ಬ್ಲಾಂಡಿಂಗ್ ಊರಿನಲ್ಲಿ. ಆದರೆ ಕಮರಿಯಿಂದ ಅಲ್ಲಿಗೆ ತಲುಪೋದಕ್ಕೆ ತಾಸುಗಳು ಬೇಕಾಗಬಹುದು, ಕೆಲವೊಮ್ಮೆ ಹೆಲಿಕಾಪ್ಟರ್ ಬೇಕಾಗಬಹುದು. ಆಸ್ತಮಾ, ಅಲರ್ಜಿ, ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿ. ಮಗುವನ್ನು ಬೇಡ ಅಂದುಬಿಡುತ್ತಾರೆ ಅಂತ ಮುಚ್ಚಿಡುವವರಿದ್ದಾರೆ. ಅದರಿಂದ ತೊಂದರೆಯಾಗೋದು ಮಗುವಿಗೇ. ಇಂಡಿಯಾದಿಂದ ರಜೆಗೆ ಬಂದ ಮಕ್ಕಳಾದರೆ ಪ್ರಯಾಣದ ವಿಮೆಯಲ್ಲಿ ರಾಫ್ಟಿಂಗ್ ಮತ್ತು ಹೆಲಿಕಾಪ್ಟರ್ ಸಾಗಣೆ ಸೇರಿದೆಯಾ ನೋಡಿ.

ಗಡಿಯಾರದ ವಿಷಯವೂ ಇದೆ. ಯೂಟಾ ಮತ್ತು ನವಾಹೋ ನೇಷನ್ (ನವಾಹೋ ಬುಡಕಟ್ಟಿನ ಸ್ವಂತ ಆಡಳಿತದ ನೆಲ) ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ಇಡುತ್ತವೆ. ಅರಿಜೋನಾ ಇಡುವುದಿಲ್ಲ, ಹೋಪಿಗಳೂ ಇಡುವುದಿಲ್ಲ. ಹೋಪಿ ನೆಲದ ಸುತ್ತ ನವಾಹೋ ನೆಲ, ಅದರ ಸುತ್ತ ಅರಿಜೋನಾ. ಒಂದೇ ದಾರಿಯಲ್ಲಿ ಫೋನಿನ ಗಡಿಯಾರ ಹಿಂದೆ ಮುಂದೆ ಓಡುತ್ತದೆ. ಮಗು ಹೇಳಿದ ಹೊತ್ತಿಗೆ ಫೋನ್ ಬರಲಿಲ್ಲ ಅಂತ ಗಾಬರಿ ಬೀಳಬೇಡಿ, ಒಂದು ತಾಸು ಕಾಯಿರಿ.

ಒಂದು ಸಣ್ಣ ಮಡಕೆ ಚೂರು ನೆನಪಿಗೆ ತರಬಹುದಾ?

ಬೇಡ. 1906ರ ಪುರಾತನ ವಸ್ತುಗಳ ಕಾಯ್ದೆ, 1979ರ ಪುರಾತತ್ವ ಸಂಪತ್ತಿನ ರಕ್ಷಣೆ ಕಾಯ್ದೆ ಎರಡೂ ಇದಕ್ಕೇ ಇರೋದು. ಇದು ಕೇಂದ್ರ ಸರ್ಕಾರದ ಕಾನೂನಿನ ಅಪರಾಧ, ಮಕ್ಕಳು ವೀಸಾ ಮೇಲೆ ಓದುತ್ತಿರುವ ಮನೆಗಳವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಕಾನೂನು ಆಚೆಗಿರಲಿ, ಅದು ಯಾರದೋ ಅಜ್ಜಿಯ ಮನೆ. ಚೂರುಗಳನ್ನು ಒಂದೇ ಬಂಡೆಯ ಮೇಲೆ ಜೋಡಿಸಿಡುವ ಅಭ್ಯಾಸವೂ ಬೇಡ. ಬಿದ್ದಲ್ಲೇ ಬಿದ್ದಿರಲಿ. ಗೋಡೆಗೆ ಒರಗಬಾರದು, ಕೆತ್ತನೆ ಮುಟ್ಟಬಾರದು, ಕೈಯ ಜಿಡ್ಡು ಅದನ್ನು ಕೆಡಿಸುತ್ತದೆ. ಮರಳಿನ ಮೇಲೆ ಕಪ್ಪಗೆ ಉಬ್ಬುಬ್ಬಾದ ಪದರ ಕಂಡರೆ ಅದನ್ನೂ ತುಳಿಯಬಾರದು. ಅದು ಜೀವ ಇರುವ ಮಣ್ಣು. ಒಂದು ಹೆಜ್ಜೆ ಬಿದ್ದ ಜಾಗ ಸರಿಹೋಗೋದಕ್ಕೆ ಹತ್ತಾರು ವರ್ಷ ಬೇಕು.

ನದಿಯ ಬಲದಂಡೆಯ ಆಚೆ ಬೇರ್ಸ್ ಇಯರ್ಸ್ ರಾಷ್ಟ್ರೀಯ ಸ್ಮಾರಕ ಅನ್ನುವ ಸಂರಕ್ಷಿತ ನೆಲ ಇದೆ. ಅದಕ್ಕಾಗಿ ಹೋಪಿ, ಜೂನಿ, ನವಾಹೋ ಮತ್ತು ಎರಡು ಯೂಟ್ ಬುಡಕಟ್ಟುಗಳು ಒಟ್ಟಾಗಿ ಕೇಳಿದವು. 2016ರಲ್ಲಿ ಘೋಷಣೆಯಾಯಿತು, 2017ರಲ್ಲಿ ಅದರ ವಿಸ್ತಾರ ಕತ್ತರಿಸಿದರು, 2021ರಲ್ಲಿ ಮತ್ತೆ ಮೊದಲಿನಂತೆ ಮಾಡಿದರು. ಎಡದಂಡೆ ನವಾಹೋ ನೇಷನ್. ಅಲ್ಲಿ ಇಳಿದು ತಂಗೋದಕ್ಕೆ ಅವರದೇ ಪ್ರತ್ಯೇಕ ಪರ್ಮಿಟ್ ಬೇಕು.

ಹೋಪಿಗಳ ಬಗ್ಗೆ ಹೋಗುವ ಮುಂಚೆ ಮಕ್ಕಳಿಗೆ ಎಷ್ಟು ಗೊತ್ತಿರಬೇಕು?

ಇಷ್ಟಾದರೂ ಗೊತ್ತಿರಲಿ. ಮೊದಲನೇ, ಎರಡನೇ, ಮೂರನೇ ಮೇಸಾ ಅಂತ ಮೂರು ಚಪ್ಪಟೆ ಗುಡ್ಡಗಳ ಮೇಲೆ ಮತ್ತು ಬುಡದಲ್ಲಿ ಹಳ್ಳಿಗಳಿವೆ. ಪಶ್ಚಿಮಕ್ಕೆ ಮೊಯೆನ್‌ಕೋಪಿ ಸ್ವಲ್ಪ ದೂರ. ಒಟ್ಟು ಹನ್ನೆರಡು. ಮೂರನೇ ಮೇಸಾದ ಒರೈಬಿಯಲ್ಲಿ ಸುಮಾರು ಒಂಬೈನೂರು ವರ್ಷದಿಂದ ಜನ ಬಿಡದೆ ವಾಸವಾಗಿದ್ದಾರೆ. ಇಡೀ ಅಮೆರಿಕದಲ್ಲಿ ಅಷ್ಟು ಹಳೆಯ ಊರು ಸಿಗೋದು ಅಪರೂಪ. 1680ರಲ್ಲಿ ಪ್ಯೂಬ್ಲೊ ಜನರೆಲ್ಲ ಸೇರಿ ಸ್ಪೇನಿನವರನ್ನು ಓಡಿಸಿದಾಗ ಹೋಪಿಗಳೂ ಜೊತೆಗಿದ್ದರು. 1882ರಲ್ಲಿ ಅಮೆರಿಕದ ಅಧ್ಯಕ್ಷರ ಆದೇಶದಿಂದ ಬುಡಕಟ್ಟಿಗೆ ಮೀಸಲಾದ ನೆಲದ, ಅಂದರೆ ಈಗಿನ ರಿಸರ್ವೇಶನ್‌ನ ಗಡಿ ಶುರುವಾಯಿತು. ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಬೇಕಾ, ಬಿಳಿಯರ ಮಾತಿಗೆ ಒಪ್ಪಬೇಕಾ ಅನ್ನುವ ಜಗಳ ಒರೈಬಿಯನ್ನು 1906ರಲ್ಲಿ ಒಡೆಯಿತು. ಸೋತವರು ಅದೇ ದಿನ ಹೊರಟು ಹೋಟ್‌ವಿಲಾ ಹಳ್ಳಿ ಕಟ್ಟಿದರು. ಆ ನೋವು ಈಗಲೂ ಮನೆ ಮನೆಯಲ್ಲಿದೆ. ಅದನ್ನು ಕೆದಕಿ ಕೇಳೋದು ಬೇಡ.

ಕುಲ ತಾಯಿಯಿಂದ ಬರುತ್ತದೆ. ಮನೆ, ಹೊಲ ಹೆಂಗಸರ ಕಡೆಯದು. ಪ್ರತಿ ಹಳ್ಳಿಗೂ ತನ್ನದೇ ಆಡಳಿತ, ತನ್ನದೇ ನಿಯಮ. ಒಂದು ಹಳ್ಳಿಯಲ್ಲಿ ನಡೆದದ್ದು ಪಕ್ಕದ ಹಳ್ಳಿಯಲ್ಲಿ ನಡೆಯುತ್ತದೆ ಅಂತ ಅಂದುಕೊಳ್ಳಬಾರದು.

ಓಟದ ಹುಚ್ಚಿರುವ ಮಕ್ಕಳಿಗೆ ಇನ್ನೊಂದು: 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿ ಬೆಳ್ಳಿ ಗೆದ್ದ ಲೂಯಿಸ್ ತೆವಾನಿಮಾ ಹೋಪಿ. ಎರಡನೇ ಮೇಸಾದ ಶುಂಗೋಪಾವಿಯವರು. ಹೋಪಿ ಹೈಸ್ಕೂಲ್ ಹುಡುಗರ ಕ್ರಾಸ್ ಕಂಟ್ರಿ ತಂಡ 1990ರಿಂದ 2016ರ ತನಕ ಸತತ 27 ವರ್ಷ ರಾಜ್ಯ ಪ್ರಶಸ್ತಿ ಗೆದ್ದಿದೆ.

ಸೇವೆ ಅಂದರೆ ಮಕ್ಕಳು ಏನು ಮಾಡುತ್ತಾರೆ?

ಹಳ್ಳಿಯವರು ಏನು ಹೇಳುತ್ತಾರೋ ಅದು. ಬೋಳುಗುಡ್ಡದ ಅಂಚಿನಲ್ಲಿ ಒರತೆ ನೀರಿನಿಂದ ಬೆಳೆಯುವ ಮೆಟ್ಟಿಲು ತೋಟಗಳಿವೆ. ಕುಸಿದ ಕಲ್ಲುಕಟ್ಟೆಯನ್ನು ಮತ್ತೆ ಜೋಡಿಸಬೇಕು, ಕಾಲುವೆಯ ಹೂಳು ತೆಗೆಯಬೇಕು. ಹೊಲದ ಕಳೆ ಕೀಳಬೇಕು. ಸೌದೆ ಒಡೆಯಬೇಕು. ಸಾವೋ ಮದುವೆಯೋ ಬಂದರೆ ಎಲ್ಲ ಕೆಲಸ ನಿಂತು, ನೀರು ಹೊರುವುದಷ್ಟೇ ಉಳಿಯಬಹುದು. ಅದೂ ಸೇವೆಯೇ.

ಮೆಕ್ಕೆಜೋಳದ ಹೊಲದ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಲ್ಲಿ ವರ್ಷಕ್ಕೆ ಬೀಳೋದು 200-250 ಮಿ.ಮೀ. ಮಳೆ. ವಿಜಯಪುರದಂಥ ಬರದ ಜಿಲ್ಲೆಯಲ್ಲೂ ಇದರ ಎರಡರಷ್ಟಕ್ಕಿಂತ ಜಾಸ್ತಿ ಬೀಳುತ್ತದೆ. ನೀರಾವರಿ ಇಲ್ಲ. ಹಿಂಗಾರಿ ಬಿಳಿಜೋಳ ಎರೆಮಣ್ಣಿನ ತೇವದ ಮೇಲೇ ಬೆಳೆಯೋದನ್ನು ನೋಡಿದವರಿಗೆ ಇದರ ಗುಟ್ಟು ಅರ್ಧ ಗೊತ್ತಿದೆ. ಚಳಿಗಾಲದ ಹಿಮ ಕರಗಿ ಇಂಗಿದ ತೇವ ಮರಳಿನ ಅಡಿ ಉಳಿದಿರುತ್ತದೆ. ಕೋಲಿನಿಂದ ಒಂದು ಗೇಣಿನಷ್ಟು ಆಳ, ಕೆಲವೊಮ್ಮೆ ಇನ್ನೂ ಜಾಸ್ತಿ, ತೇವ ಸಿಗುವ ತನಕ ತೋಡುತ್ತಾರೆ. ಒಂದೊಂದು ಗುಳಿಗೆ ಹತ್ತು ಹನ್ನೆರಡು ಕಾಳು ಹಾಕಿ, ಒದ್ದೆ ಮಣ್ಣು ಮೊದಲು, ಒಣ ಮರಳು ಮೇಲೆ ಮುಚ್ಚುತ್ತಾರೆ. ಮುಂದಿನ ಗುಳಿ ಮೂರು ಹೆಜ್ಜೆ ಆಚೆ. ಬೇರೆ ತಳಿಯ ಬೀಜ ಆ ಆಳದಿಂದ ಮೇಲೆ ಬರುವ ಮುಂಚೆ ಸೋತುಹೋಗುತ್ತದೆ. ಹೋಪಿ ಮೆಕ್ಕೆಜೋಳದ ಮೊಳಕೆ ಉದ್ದಕ್ಕೆ ಚಾಚಿಕೊಂಡು ಬೆಳಕಿಗೆ ಬರುತ್ತದೆ. ಒಂದೇ ಗುಂಪಾಗಿ ಬೆಳೆಯುವುದರಿಂದ ಗಾಳಿಗೆ ಹೊರಗಿನ ಗಿಡಗಳು ಅಡ್ಡ ನಿಂತು ಒಳಗಿನವನ್ನು ಕಾಯುತ್ತವೆ. ನೂರಾರು ವರ್ಷ ಕಾಳು ಆರಿಸಿ ಆರಿಸಿ ಇಟ್ಟುಕೊಂಡು ಬಂದ ತಳಿ ಇದು. ಹಾಗಾಗಿ ಕಾಳು ಚೆಲ್ಲಬಾರದು, ಕೇಳದೆ ಜೇಬಿಗೆ ಹಾಕಿಕೊಳ್ಳಬಾರದು.

ಎರಡೇ ದಿನದ ಕೆಲಸದಿಂದ ಹಳ್ಳಿ ಉದ್ಧಾರವಾಗುತ್ತದೆ ಅಂತ ಯಾರೂ ಅಂದುಕೊಳ್ಳುವುದು ಬೇಡ. ಹದಿನೈದು ಮಕ್ಕಳಿಗೆ ಕೆಲಸ ಹೇಳಿಕೊಡೋದು ಹಳ್ಳಿಯವರಿಗೂ ಶ್ರಮವೇ. ಆ ಶ್ರಮ ಅವರು ಕೊಡುವ ಉಡುಗೊರೆ.

ಒರತೆಗೆ ಇಷ್ಟು ಮಹತ್ವ ಯಾಕೆ?

ನೀರು ಅಷ್ಟು ಕಮ್ಮಿ, ಅದೂ ಕೈತಪ್ಪಿ ಹೋಗಿದೆ. 1970ರಿಂದ 2005ರ ತನಕ ಬ್ಲಾಕ್ ಮೇಸಾದ ಕಲ್ಲಿದ್ದಲನ್ನು ಪುಡಿ ಮಾಡಿ, ನೆಲದಡಿಯ ಸಿಹಿನೀರಿನಲ್ಲಿ ಕಲಸಿ, ಸುಮಾರು 440 ಕಿ.ಮೀ. ಕೊಳವೆಯಲ್ಲಿ ನೆವಾಡಾದ ವಿದ್ಯುತ್ ಸ್ಥಾವರಕ್ಕೆ ತಳ್ಳುತ್ತಿದ್ದರು. ಅದಕ್ಕೆ ವರ್ಷಕ್ಕೆ 400 ಕೋಟಿ ಲೀಟರ್‌ಗಿಂತ ಜಾಸ್ತಿ ನೀರು ಹೋಗುತ್ತಿತ್ತು. ಒರತೆಗಳು ಬತ್ತಿದ್ದಕ್ಕೆ ಇದೇ ಕಾರಣ ಅಂತ ಹೋಪಿಗಳಲ್ಲಿ ಬಹಳ ಜನ ಹೇಳುತ್ತಾರೆ, ಗಣಿ ಕಂಪನಿ ಒಪ್ಪಲಿಲ್ಲ. ಇನ್ನೊಂದು ಮಗ್ಗುಲೂ ಇದೆ: ಬುಡಕಟ್ಟು ಸರ್ಕಾರದ ಆದಾಯದ ದೊಡ್ಡ ಪಾಲು ಆ ಕಲ್ಲಿದ್ದಲಿನಿಂದಲೇ ಬರುತ್ತಿತ್ತು. 2019ರಲ್ಲಿ ಉಳಿದ ಗಣಿಯೂ ಮುಚ್ಚಿದ ಮೇಲೆ ಆ ಹಣ ನಿಂತಿತು. ಮೊದಲನೇ, ಎರಡನೇ ಮೇಸಾದ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು, ದೂರದ ಹೊಸ ಬಾವಿಗಳಿಂದ ಪೈಪ್ ಹಾಕಬೇಕಾಯಿತು. ಹೂಳು ತೆಗೆಯುವ ಮಗುವಿಗೆ ಇದು ಗೊತ್ತಿದ್ದರೆ ಸಲಿಕೆ ಹಿಡಿಯುವ ರೀತಿಯೇ ಬೇರೆ.

ಹಳ್ಳಿಯಲ್ಲಿ ಫೋಟೋ ತೆಗೆಯಬಹುದಾ?

ಇಲ್ಲ. ಫೋಟೋ, ವಿಡಿಯೋ, ರೆಕಾರ್ಡಿಂಗ್, ಕೂತು ಚಿತ್ರ ಬಿಡಿಸೋದು, ಯಾವುದೂ ಇಲ್ಲ. ನೂರು ವರ್ಷದ ಹಿಂದೆ ಹೊರಗಿನವರು ಕ್ಯಾಮೆರಾ ಹಿಡಿದು ಪೂಜೆಗಳ ಮಧ್ಯೆಯೇ ನುಗ್ಗಿದ್ದರು. ಆಮೇಲೆ ಹಳ್ಳಿಗಳು ಬಾಗಿಲು ಹಾಕಿದವು. ವ್ಯಾನ್ ಹಳ್ಳಿ ಸೇರುವ ಮುಂಚೆ ಫೋನುಗಳನ್ನು ಚೀಲಕ್ಕೆ ಹಾಕೋದು ಸುಲಭದ ದಾರಿ. ಕಿವಾ ಅನ್ನುವ ನೆಲದಡಿಯ ಕೋಣೆಯ ಏಣಿ ಹತ್ತಿರ ಸುಳಿಯಬಾರದು. ಮೊದಲನೇ ಮೇಸಾದ ವಾಲ್ಪಿ ಹಳ್ಳಿಯನ್ನು ಸ್ಥಳೀಯ ಗೈಡ್ ಜೊತೆ ಮಾತ್ರ ನೋಡಬಹುದು. ರಿಸರ್ವೇಶನ್ ಒಳಗೆ ಮದ್ಯ ನಿಷೇಧ.

ಕಟ್ಸಿನಾ ಕುಣಿತ ನೋಡೋದಕ್ಕೆ ಸಿಗುತ್ತಾ?

ಸಿಗಬಹುದು, ಸಿಗದೆಯೂ ಇರಬಹುದು. ಕಟ್ಸಿನಾ ಅಂದರೆ ಮಳೆ ತರುತ್ತವೆ ಅಂತ ಹೋಪಿಗಳು ನಂಬುವ ದೈವಶಕ್ತಿಗಳು. ಚಳಿಗಾಲದಿಂದ ಜುಲೈ ತನಕ ಕಟ್ಸಿನಾಗಳ ಕಾಲ. ಜುಲೈಯ ನೀಮನ್ ಎಂಬ ಬೀಳ್ಕೊಡುವ ಆಚರಣೆ ಆದ ಮೇಲೆ ಅವರು ಫ್ಲ್ಯಾಗ್‌ಸ್ಟಾಫ್ ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳಿಗೆ ಮರಳುತ್ತಾರೆ ಅನ್ನೋದು ನಂಬಿಕೆ. ಕೆಲವು ಹಳ್ಳಿಗಳು ಹೊರಗಿನವರನ್ನು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಕರೆದರೆ ಮೊಣಕಾಲು, ಭುಜ ಮುಚ್ಚುವ ಬಟ್ಟೆ ಹಾಕಿಕೊಂಡು, ಹಿಂದೆ ನಿಂತು, ಸುಮ್ನೆ ನೋಡಬೇಕು. ಚಪ್ಪಾಳೆ ಇಲ್ಲ. ಪಕ್ಕದವರನ್ನು ‘ಇದರ ಅರ್ಥ ಏನು’ ಅಂತ ಕೇಳಬಾರದು. ಮಳೆಗಾಗಿ, ಎಲ್ಲ ಜೀವಗಳಿಗಾಗಿ ನಡೆಯುವ ಪ್ರಾರ್ಥನೆ ಅದು.

ಹಳೆ ಬಟ್ಟೆ, ಸ್ವೀಟ್ಸ್ ಕಳಿಸಲಾ? ಅಲ್ಲಿ ಏನಾದರೂ ಕೊಳ್ಳಬಹುದಾ?

ಹಳೆ ಬಟ್ಟೆ ಬೇಡವೇ ಬೇಡ. ಊಟ ಹಾಕಿದ ಮನೆಗೆ ಕಾಫಿಪುಡಿ, ಹಿಟ್ಟು, ಹಣ್ಣು ಕೊಟ್ಟರೆ ಉಪಯೋಗಕ್ಕೆ ಬರುತ್ತದೆ. ಕೊಳ್ಳಬಹುದು: ಬೆಳ್ಳಿ ಕೆಲಸ, ಬುಟ್ಟಿ, ಮಡಕೆ, ಕಾಟನ್‌ವುಡ್ ಮರದ ಬೇರಿನಲ್ಲಿ ಕೆತ್ತಿದ ಕಟ್ಸಿನಾ ಗೊಂಬೆ. ಮಾಡಿದವರ ಕೈಯಿಂದಲೇ ಕೊಳ್ಳಿ, ನಗದು ಒಯ್ಯಲಿ. ಚೌಕಾಸಿ ಮಾಡಬೇಡಿ. ಒಂದು ಗೊಂಬೆಗೆ ವಾರಗಟ್ಟಲೆ ಕೆಲಸ ಇರುತ್ತದೆ. ಧನ್ಯವಾದಕ್ಕೆ ಹುಡುಗರು ‘ಕ್ವಾಕ್ವಾ’, ಹುಡುಗಿಯರು ‘ಅಸ್ಕ್ವಾಲಿ’ ಅನ್ನಬೇಕು.

ಕಾಲೇಜ್ ಅರ್ಜಿಗೆ ಸರ್ವಿಸ್ ಅವರ್ಸ್ ಸಿಗುತ್ತಾ?

ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿವೆ. ಆದರೆ ಅದಕ್ಕಾಗಿಯೇ ಆದರೆ ನಿಮ್ಮ ಊರಿನ ಲೈಬ್ರರಿಯಲ್ಲಿ ಇದಕ್ಕಿಂತ ಜಾಸ್ತಿ ತಾಸು, ಕಮ್ಮಿ ಖರ್ಚಿನಲ್ಲಿ ಸಿಗುತ್ತದೆ. ‘ಬಡ ಜನರನ್ನು ನೋಡಿ ನನ್ನ ಕಣ್ಣು ತೆರೆಯಿತು’ ಅನ್ನುವ ಪ್ರಬಂಧಕ್ಕೆ ಹೋಪಿಗಳನ್ನು ಬಳಸಿಕೊಳ್ಳೋದು ನ್ಯಾಯವಲ್ಲ. ಅವರು ಆತಿಥ್ಯ ಕೊಟ್ಟವರು, ಕಲಿಸಿದವರು.

ಸಂಸ್ಥೆಯನ್ನು ಆರಿಸುವಾಗ ಏನು ಕೇಳಬೇಕು?

ನದಿಯ ಪರ್ಮಿಟ್ ಯಾರ ಹೆಸರಿನಲ್ಲಿದೆ? ಎಷ್ಟು ಮಕ್ಕಳಿಗೆ ಎಷ್ಟು ಲೀಡರ್? ಅವರಲ್ಲಿ ಕಾಡಿನ ಪ್ರಥಮ ಚಿಕಿತ್ಸೆಯ ತರಬೇತಿ ಯಾರಿಗಿದೆ? ಇವು ಎಲ್ಲರೂ ಕೇಳುವವು. ಅದಕ್ಕಿಂತ ಮುಖ್ಯ ಇವು: ಹಳ್ಳಿಯಲ್ಲಿ ನಿಮ್ಮನ್ನು ಕರೆದವರು ಯಾರು? ಕೆಲಸ ಯಾವುದು ಅಂತ ತೀರ್ಮಾನಿಸೋದು ಯಾರು? ಕಲಿಸುವ ಹೋಪಿಗಳಿಗೆ ಸಂಬಳ ಕೊಡುತ್ತೀರಾ? ಹಳ್ಳಿ ಈ ಸಲ ಬೇಡ ಅಂದರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ‘ಬೇರೆ ಕಡೆ ಹೋಗುತ್ತೇವೆ, ಅವರ ಮಾತೇ ಕೊನೆ’ ಅನ್ನುವ ಉತ್ತರ ಬಂದರೆ ನಂಬಬಹುದು. ‘ಅದೆಲ್ಲ ಆಗಲ್ಲ, ಗ್ಯಾರಂಟಿ’ ಅಂದರೆ ಬೇರೆ ಸಂಸ್ಥೆ ನೋಡಿ. ಹೋಪಿಗಳದ್ದೇ ಸಾಂಸ್ಕೃತಿಕ ಸಂರಕ್ಷಣಾ ಕಚೇರಿ ಕೈಕೋಟ್ಸ್‌ಮೋವಿ ಹಳ್ಳಿಯಲ್ಲಿದೆ. ಸಂಸ್ಥೆಗೆ ಆ ಕಚೇರಿಯ ಹೆಸರೇ ಗೊತ್ತಿಲ್ಲದಿದ್ದರೆ ಅದೂ ಒಂದು ಸುಳಿವು.

ಬಂದ ಮೇಲೆ ಮಕ್ಕಳು ಶಾಲೆಯಲ್ಲೋ ಕನ್ನಡ ಕೂಟದಲ್ಲೋ ಇದರ ಬಗ್ಗೆ ಮಾತಾಡಬಹುದಾ?

ಮಾತಾಡಲಿ. ನದಿ, ಮರಳಲೆ, ಬಿಸಿಲು, ತಾವು ಕಟ್ಟಿದ ಕಲ್ಲುಕಟ್ಟೆ, ಜೋಳದ ಗುಳಿ, ಇವೆಲ್ಲ ತಮ್ಮ ಕಣ್ಣಿಂದ ನೋಡಿದ್ದು, ತಮ್ಮ ಕೈಯಿಂದ ಮಾಡಿದ್ದು. ಕಣಿವೆಯ ಮನೆಗಳ ಫೋಟೋ ತೋರಿಸುವುದಾದರೆ ಜಾಗದ ನಿಖರ ಗುರುತು ಹಾಕಬಾರದು, ಫೋನಿನ ಲೊಕೇಶನ್ ತೆಗೆದುಹಾಕಬೇಕು. ಅದನ್ನು ನೋಡಿಕೊಂಡು ಅಗೆಯೋದಕ್ಕೆ ಬರುವವರಿದ್ದಾರೆ. ಒಬ್ಬ ಹಿರಿಯರು ಮನೆಯಲ್ಲಿ ಕೂರಿಸಿಕೊಂಡು ಹೇಳಿದ ಕುಲದ ಕಥೆಯನ್ನು ಅವರನ್ನು ಕೇಳದೆ ಹೇಳಬಾರದು. ಹೋಪಿಗಳಲ್ಲಿ ಒಂದು ಕುಲದ ಕಥೆಯನ್ನು ಬೇರೆ ಕುಲದವರೂ ಬಾಯಿಗೆ ಬಂದಂತೆ ಹೇಳುವುದಿಲ್ಲ. ಕುಣಿತದಲ್ಲಿ ಕಂಡದ್ದನ್ನು ಕಟ್ಟಿ ತೋರಿಸೋದು, ವೇಷ ಹಾಕೋದು ಬೇಡ. ಸಂದೇಹ ಬಂದರೆ ಲೀಡರ್ ಮೂಲಕ ಹಳ್ಳಿಯವರನ್ನೇ ಕೇಳಿ. ಉತ್ತರ ಬರೋದಕ್ಕೆ ಕೆಲವು ವಾರ ಹಿಡಿಯಬಹುದು, ಅಲ್ಲಿಯ ತನಕ ಆ ಭಾಗ ಬಿಟ್ಟು ಉಳಿದದ್ದನ್ನು ಹೇಳಲಿ.